ಪೊಲೀಸ್ ಡಾಟ್ ಯುಕೆ: ಆಕ್ಸ್‌ಫರ್ಡ್‌ಗೆ ಮಕ್ಕಳನ್ನು ಕಳಿಸುವವರು ಓದಲು ಕಲಿಯಬೇಕಾದ ನಕ್ಷೆ

ಇಂಗ್ಲೆಂಡ್, ವೇಲ್ಸ್‌ನಲ್ಲಿ ಯಾವ ಬೀದಿಯಲ್ಲಿ ಯಾವ ಅಪರಾಧ ನಡೆಯಿತು ಅನ್ನೋದನ್ನು ನಕ್ಷೆಯ ಮೇಲೆ ಹಾಕಿ ತೋರಿಸುವ ಸರ್ಕಾರಿ ಸೈಟ್ ಒಂದಿದೆ. ಹೆಸರು ಪೊಲೀಸ್ ಡಾಟ್ ಯುಕೆ. ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಕಿಲ್ಲ, ಮನೆಯ ಪೋಸ್ಟ್‌ಕೋಡ್ ಹಾಕಿದರೆ ಸಾಕು. ಬೀದಿ ಮಟ್ಟದ ಈ ನಕ್ಷೆ 2011ರಲ್ಲಿ ಶುರುವಾದಾಗ ಜನ ಮುಗಿಬಿದ್ದು ಮೊದಲ ದಿನವೇ ಸೈಟ್ ನಿಂತುಹೋಗಿತ್ತು.

ನಾನಿರುವುದು ಆಕ್ಸ್‌ಫರ್ಡ್‌ನ ಹೆಡಿಂಗ್ಟನ್‌ನಲ್ಲಿ. ಆಸ್ಪತ್ರೆಯಲ್ಲಿ ಕೆಲಸ, ರಾತ್ರಿ ಪಾಳಿಯೂ ಇರುತ್ತದೆ. ಜುಲೈ, ಆಗಸ್ಟ್ ಬಂತೆಂದರೆ ಊರಿನಿಂದ ಫೋನು ಶುರು. ಈ ಸಲ ನಮ್ಮಣ್ಣನೇ ತುಮಕೂರಿನಿಂದ ಫೋನ್ ಮಾಡಿದ. ಅವನ ಮಗಳಿಗೆ ಬ್ರೂಕ್ಸ್ ವಿಶ್ವವಿದ್ಯಾಲಯದಲ್ಲಿ ಎಂಎಸ್‌ಸಿ ಸೀಟು ಸಿಕ್ಕಿದೆ. "ಏನೇ, ನಿಮ್ಮೂರಲ್ಲಿ ಕ್ರೈಂ ರೇಟ್ ಜಾಸ್ತಿ ಅಂತ ತೋರಿಸ್ತಿದೆಯಲ್ಲೇ? ಹೆಣ್ಣುಮಗೂನ ಹೇಗೆ ಕಳಿಸೋದು?" ಅಂದ. ಅವನು ನೋಡಿದ್ದು ಯಾವುದೋ ಪಟ್ಟಿ. ನಾನು ಅವನಿಗೂ ಹುಡುಗಿಗೂ ಈ ನಕ್ಷೆಯ ಲಿಂಕ್ ಕಳಿಸಿ, ಮೂವರೂ ವಿಡಿಯೋ ಕಾಲ್‌ನಲ್ಲಿ ಕೂತು ಒಂದೊಂದಾಗಿ ನೋಡಿದೆವು. ಅಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಇದು ಒಳ್ಳೆಯ ಸೇವೆ, ಐದಕ್ಕೆ ಮೂರೂವರೆ ಕೊಡುತ್ತೇನೆ. ಆದರೆ ಓದುವ ಬಗೆ ಗೊತ್ತಿಲ್ಲದೆ ನೋಡಿದರೆ ಸುಮ್ನೆ ಹೆದರಿಕೆ ಹುಟ್ಟಿಸುತ್ತದೆ.

ನಕ್ಷೆ ತೆರೆದ ಕೂಡಲೇ ಕಾಣುವುದು ಅಂಕಿ ಬರೆದ ದುಂಡು ವೃತ್ತಗಳು. ದೂರದಿಂದ ನೋಡಿದರೆ ಊರಿಗೆಲ್ಲ ನಾಲ್ಕೈದು ದೊಡ್ಡ ವೃತ್ತ. ಹತ್ತಿರ ಹೋದಂತೆ ಅವು ಒಡೆದು ಸಣ್ಣದಾಗುತ್ತವೆ, ಕೊನೆಗೆ ಒಂದೊಂದು ಬೀದಿಗೆ ಇಳಿಯುತ್ತವೆ. ಒಂದನ್ನು ಒತ್ತಿದರೆ ಯಾವ ಬಗೆಯ ಅಪರಾಧ, ಯಾವ ತಿಂಗಳು, ಆಮೇಲೆ ಕೇಸು ಏನಾಯಿತು ಅಂತ ಬರುತ್ತದೆ. ಆಕ್ಸ್‌ಫರ್ಡ್‌ನಲ್ಲಿ ದಪ್ಪ ವೃತ್ತಗಳು ಕೂರುವುದು ಸಿಟಿಯ ನಡುವೆ: ಕಾರ್ನ್‌ಮಾರ್ಕೆಟ್, ವೆಸ್ಟ್‌ಗೇಟ್ ಮಾಲ್, ಕಾರ್‌ಫ್ಯಾಕ್ಸ್ ಸುತ್ತಮುತ್ತ. ಅಣ್ಣ ಅದನ್ನು ನೋಡಿದವನೇ, "ನೋಡಿದ್ಯಾ, ನಟ್ಟ ನಡುವೇನೇ ಇಷ್ಟು!" ಅಂದ.

ಆ ವೃತ್ತ ಒತ್ತಿ ನೋಡಿದರೆ ಅದರಲ್ಲಿ ದೊಡ್ಡ ಪಾಲು ಅಂಗಡಿ ಕಳ್ಳತನ. ಮಾಲ್ ಇದ್ದ ಕಡೆ ಅದು ಇದ್ದೇ ಇರುತ್ತದೆ. ಅಂಗಡಿಯವನಿಗೆ ಅದು ನಷ್ಟ. ಆದರೆ ಆ ಬೀದಿಯಲ್ಲಿ ನಡೆದು ಹೋಗುವ ಹುಡುಗಿಗೆ ಅದರಿಂದ ಅಪಾಯ ಹೆಚ್ಚುವುದಿಲ್ಲ. ಇನ್ನೊಂದು ವಿಷಯ, ಇದೇ ಮುಖ್ಯವಾದದ್ದು. ಕ್ರೈಂ ರೇಟ್ ಅಂದರೆ ಅಪರಾಧದ ಲೆಕ್ಕವನ್ನು ಅಲ್ಲಿ ವಾಸ ಇರುವ ಜನರ ಸಂಖ್ಯೆಯಿಂದ ಭಾಗಿಸಿದ್ದು. 2021ರ ಜನಗಣತಿ ಪ್ರಕಾರ ಆಕ್ಸ್‌ಫರ್ಡ್ ಜನಸಂಖ್ಯೆ ಸುಮಾರು 1,62,000. ಆದರೆ ವರ್ಷಕ್ಕೆ ಇಲ್ಲಿ ಬಂದು ಹೋಗುವವರು ಸುಮಾರು 70 ಲಕ್ಷ ಅಂತ ಹೇಳುತ್ತಾರೆ. ಟೂರಿಸ್ಟಿನ ಪರ್ಸು ಹೋದರೆ ಅದು ಮೇಲಿನ ಲೆಕ್ಕಕ್ಕೆ ಸೇರುತ್ತದೆ. ಟೂರಿಸ್ಟು ಮಾತ್ರ ಕೆಳಗಿನ ಲೆಕ್ಕಕ್ಕೆ ಸೇರುವುದಿಲ್ಲ. ಸಿಟಿಯ ನಡುವೆ ಬರೀ ಕಾಲೇಜು, ಅಂಗಡಿ, ಚರ್ಚು. ಮನೆ ಮಾಡಿಕೊಂಡಿರುವವರು ಕಡಿಮೆ. ಹಾಗಾಗಿ ಅಲ್ಲಿನ ರೇಟು ಏರಿಯೇ ಏರುತ್ತದೆ. ಅಣ್ಣ ನೋಡಿದಂಥ ಪಟ್ಟಿಗಳು ಈ ಮಾತು ಹೇಳುವುದಿಲ್ಲ, ಬರೀ ಸಾವಿರಕ್ಕೆ ಇಷ್ಟು ಅಂತ ಹಾಕುತ್ತವೆ.

ಹಾಗಂತ ರೇಟು ಯಾವಾಗಲೂ ದಾರಿ ತಪ್ಪಿಸುತ್ತದೆ ಅಂತಲೂ ಅಲ್ಲ. ಈ ಊರಿನದೇ ಹಳೆಯ ಉದಾಹರಣೆ ಇದೆ. ಕೇಂಬ್ರಿಡ್ಜ್‌ನ ಅಪರಾಧಶಾಸ್ತ್ರ ಪ್ರೊಫೆಸರ್ ಮ್ಯಾನುಯೆಲ್ ಐಸ್ನರ್ ಮತ್ತು ಅವರ ತಂಡ 14ನೇ ಶತಮಾನದ ಆಕ್ಸ್‌ಫರ್ಡ್‌ನ ಕೊಲೆಗಳನ್ನು ನಕ್ಷೆಯ ಮೇಲೆ ಗುರುತು ಮಾಡಿ 2023ರಲ್ಲಿ ಹೊರತಂದರು. ಆಗಿನ ಮರಣ ವಿಚಾರಣೆಯ ದಾಖಲೆಗಳೇ ಅವರಿಗೆ ಆಧಾರ. ಲಕ್ಷ ಜನಕ್ಕೆ ವರ್ಷಕ್ಕೆ 60ರಿಂದ 75 ಕೊಲೆ ಅಂತ ಅಂದಾಜು ಬಂತು, ಆಗಿನ ಲಂಡನ್, ಯಾರ್ಕ್‌ಗಿಂತ ನಾಲ್ಕೈದು ಪಟ್ಟು. ಆಗ ಊರಲ್ಲಿ ಇದ್ದವರೇ ಸುಮಾರು 7,000 ಜನ. ಅಂದರೆ ವರ್ಷಕ್ಕೆ ನಾಲ್ಕೈದು ಕೊಲೆ. ಕೊಂದವರ ಹಿನ್ನೆಲೆ ಗೊತ್ತಿರುವ ಕೇಸುಗಳಲ್ಲಿ ನೂರಕ್ಕೆ 75 ಮಂದಿ ವಿದ್ಯಾರ್ಥಿಗಳೋ ಪಾದ್ರಿ ವರ್ಗದವರೋ ಆಗಿದ್ದರು. ಸತ್ತವರಲ್ಲೂ ನೂರಕ್ಕೆ 72 ಅವರೇ. ಊರಿನ ತುಂಬ ವಯಸ್ಸಿಗೆ ಬಂದ ಹುಡುಗರು, ಕೈಯಲ್ಲಿ ಆಯುಧ, ಹೊಟ್ಟೆಯಲ್ಲಿ ಹೆಂಡ. 1355ರ ಫೆಬ್ರವರಿ 10ರಂದು ಕಾರ್‌ಫ್ಯಾಕ್ಸ್ ಮೂಲೆಯ ಸ್ವಿಂಡಲ್‌ಸ್ಟಾಕ್ ಅನ್ನೋ ಹೆಂಡದ ಅಂಗಡಿಯಲ್ಲಿ ವೈನ್ ಚೆನ್ನಾಗಿಲ್ಲ ಅಂತ ಶುರುವಾದ ಜಗಳ ಮೂರು ದಿನದ ಗಲಭೆಯಾಯಿತು. 63 ವಿದ್ಯಾರ್ಥಿಗಳು, ಊರಿನವರು ಸುಮಾರು 30 ಮಂದಿ ಸತ್ತರು ಅಂತ ಲೆಕ್ಕ. ಆ ತಪ್ಪಿಗೆ ಊರಿನ ಮೇಯರ್ ಪ್ರತಿ ವರ್ಷ 63 ಪೆನ್ನಿ ಕಾಣಿಕೆ ಕಟ್ಟುತ್ತಿದ್ದರು, 1825ರವರೆಗೂ. ಈಗ ಆ ಮೂಲೆಯಲ್ಲಿ ಬ್ಯಾಂಕ್ ಇದೆ. ಗೋಡೆಯ ಮೇಲೆ ಹೆಂಡದಂಗಡಿಯ ಹೆಸರು ಕೆತ್ತಿದ್ದಾರೆ, ಹೋದರೆ ತಲೆ ಎತ್ತಿ ನೋಡಿ. ಇವತ್ತಿನ ಇಂಗ್ಲೆಂಡಿನ ಊರುಗಳಿಗೆ ಹೋಲಿಸಿದರೆ ಅಂದಿನ ಕೊಲೆ ಪ್ರಮಾಣ ಸುಮಾರು 50 ಪಟ್ಟು ಅಂತ ಅದೇ ತಂಡ ಹೇಳುತ್ತದೆ. ಆ ರೇಟು ನಿಜವಾಗಿಯೂ ಹೆದರಬೇಕಾದ ರೇಟು, ಯಾಕೆಂದರೆ ಅಲ್ಲಿ ಎಣಿಸಿದ್ದು ಕೊಲೆ. ಹಾಗಾಗಿ ಯಾವ ರೇಟು ನೋಡಿದರೂ ಎಣಿಸಿದ್ದು ಏನು, ಭಾಗಿಸಿದ್ದು ಯಾರಿಂದ ಅಂತ ಮೊದಲು ಕೇಳಬೇಕು.

ಈಗ ಸೈಟಿನ ದೋಷಗಳು. ದೊಡ್ಡದು ಅಂದರೆ "ಹಿಂಸೆ ಮತ್ತು ಲೈಂಗಿಕ ಅಪರಾಧ" ಅಂತ ಒಂದೇ ಗುಂಪು ಮಾಡಿರುವುದು. ಫೋನಿನಲ್ಲಿ ಕಿರುಕುಳ ಕೊಟ್ಟದ್ದು, ಮನೆಯೊಳಗೆ ಗಂಡ ಹೊಡೆದದ್ದು, ಪಬ್ ಮುಂದೆ ಗಾಯವಿಲ್ಲದ ತಳ್ಳಾಟ, ಅತ್ಯಾಚಾರ, ಎಲ್ಲವೂ ಅದೇ ಹೆಸರಿನಡಿ. ಹೆಣ್ಣುಮಕ್ಕಳ ತಂದೆ ತಾಯಿ ಆ ಹೆಸರು ಓದಿದರೆ ಏನಂದುಕೊಳ್ಳುತ್ತಾರೆ, ಹೇಳಿ? ಅವರು ತಿಳಿಯಬೇಕಾದದ್ದು ಬೀದಿಯಲ್ಲಿ ಅಪರಿಚಿತರಿಂದ ಎಷ್ಟು ಅಪಾಯ ಅನ್ನೋದು. ಅದೊಂದನ್ನೇ ಈ ಗುಂಪಿನಿಂದ ಬಿಡಿಸಿ ನೋಡಲು ಆಗುವುದಿಲ್ಲ. ಸಂತ್ರಸ್ತರ ಗುರುತು ಸಿಗಬಾರದು ಅನ್ನೋ ಕಾಳಜಿ ಸರಿಯೇ. ಆದರೂ ಗಾಯವಾದದ್ದು, ಆಗದ್ದು ಅಂತಾದರೂ ಬೇರೆ ಮಾಡಬಹುದಿತ್ತು.

ಎರಡನೆಯದು, ಹೊತ್ತು ಹೇಳುವುದಿಲ್ಲ. ತಿಂಗಳು ಮಾತ್ರ. ಮಧ್ಯಾಹ್ನ ಎರಡಕ್ಕೆ ನಡೆದದ್ದೂ ರಾತ್ರಿ ಎರಡಕ್ಕೆ ನಡೆದದ್ದೂ ನಕ್ಷೆಯಲ್ಲಿ ಒಂದೇ. ಪಾಳಿ ಮುಗಿಸಿ ನಡೆದು ಬರುವ ನನ್ನಂಥವಳಿಗೆ ಬೇಕಾದದ್ದೇ ಅದು. ಮೂರನೆಯದು ದೋಷ ಅಲ್ಲ, ಆದರೆ ತಿಳಿದಿರಬೇಕು. ವೃತ್ತ ಕೂತ ಜಾಗ ಅಪರಾಧ ನಡೆದ ಜಾಗವಲ್ಲ. ಮೊದಲೇ ಗೊತ್ತು ಮಾಡಿದ ಒಂದಷ್ಟು ಬಿಂದುಗಳಿವೆ, ಘಟನೆಯನ್ನು ಹತ್ತಿರದ ಬಿಂದುವಿಗೆ ಸೇರಿಸುತ್ತಾರೆ. ಒಂದು ಬಿಂದುವಿನ ಸುತ್ತ ಕನಿಷ್ಠ ಎಂಟು ವಿಳಾಸ ಇರಬೇಕು, ಇಲ್ಲವೇ ಒಂದೂ ಇರಬಾರದು ಅಂತ ನಿಯಮ. ಅದಕ್ಕೇ ಪ್ರತಿಯೊಂದಕ್ಕೂ "ಇಲ್ಲಿ ಅಥವಾ ಇಲ್ಲಿಗೆ ಹತ್ತಿರ" ಅಂತಲೇ ಬರೆದಿರುತ್ತದೆ. ನೀವು ನೋಡುತ್ತಿರುವ ಮನೆಯ ಎದುರೇ ವೃತ್ತ ಕೂತಿದೆ ಅಂತ ಮನೆ ಬಿಡಬೇಡಿ.

ನಕ್ಷೆ ಚೆನ್ನಾಗಿ ಹೇಳುವ ವಿಷಯ ಸೈಕಲ್ ಕಳ್ಳತನ. ಅದಕ್ಕೆ ಬೇರೆಯೇ ಗುಂಪು ಇದೆ, ಹೆಸರಿನಲ್ಲೂ ಗೊಂದಲವಿಲ್ಲ. ಇಲ್ಲಿ ವಿದ್ಯಾರ್ಥಿಯೊಬ್ಬ ನಿಜವಾಗಿ ಕಳೆದುಕೊಳ್ಳುವುದು ಇದನ್ನೇ. ನಮ್ಮ ಆಸ್ಪತ್ರೆ ವಾರ್ಡಿನಲ್ಲಿ ಕೆಲಸ ಮಾಡುವ ಹುಡುಗನೊಬ್ಬ ಸಿಟಿಯಲ್ಲಿ ಸೈಕಲ್ ನಿಲ್ಲಿಸಿ ಮುಂದಿನ ಚಕ್ರಕ್ಕೆ ಮಾತ್ರ ಬೀಗ ಹಾಕಿ ಹೋಗಿದ್ದ. ವಾಪಸ್ ಬಂದಾಗ ಕಂಬಿಗೆ ಬೀಗದ ಸಮೇತ ಚಕ್ರ ನಿಂತಿತ್ತು, ಸೈಕಲ್ ಇರಲಿಲ್ಲ. ಆನ್‌ಲೈನ್‌ನಲ್ಲಿ ದೂರು ಕೊಟ್ಟ. ಕೆಲ ತಿಂಗಳ ಮೇಲೆ ನಕ್ಷೆಯಲ್ಲಿ ಆ ಬೀದಿ ಹುಡುಕಿ ನೋಡಿದೆವು: ಸೈಕಲ್ ಕಳ್ಳತನ, ಕೆಳಗೆ "ತನಿಖೆ ಮುಗಿದಿದೆ, ಶಂಕಿತರು ಪತ್ತೆಯಾಗಿಲ್ಲ". ಆ ಗುಂಪಿನಲ್ಲಿ ಹೆಚ್ಚಿನವಕ್ಕೆ ಇದೇ ಸಾಲು. ಅವನ ಮುಖ ನೋಡಿ ನನಗೆ ಬೇಜಾರಾಯಿತು. ಮೊದಲ ಸಂಬಳದಲ್ಲಿ ತಗೊಂಡ ಸೈಕಲ್ ಅದು. ಆದರೂ ಈ ಸಾಲನ್ನು ಮುಚ್ಚಿಡದೆ ತೋರಿಸುವುದೇ ಈ ಸೈಟಿನ ದೊಡ್ಡ ಗುಣ ಅಂತ ನನಗೆ ಅನ್ನಿಸುತ್ತದೆ. ಹೋದ ಸೈಕಲ್ ಸಿಗುವುದು ಅಪರೂಪ ಅಂತ ಪೊಲೀಸರೇ ಬರೆದು ತೋರಿಸಿದ ಮೇಲೆ ದುಡ್ಡು ಎಲ್ಲಿ ಹಾಕಬೇಕು ಅಂತ ಗೊತ್ತಾಗುತ್ತದಲ್ಲ?

ಬೀಗಕ್ಕೆ ಹಾಕಬೇಕು. ತೆಳು ಕೇಬಲ್ ಬೀಗ ಕತ್ತರಿಸಲು ಕಳ್ಳನಿಗೆ ಕ್ಷಣ ಸಾಕು. ಬೀಗ ಪರೀಕ್ಷಿಸಿ ಕೊಡುವ "ಸೋಲ್ಡ್ ಸೆಕ್ಯೂರ್" ಅನ್ನೋ ಗುರುತಿರುವ ಡಿ-ಲಾಕ್ (ಡಿ ಅಕ್ಷರದ ಆಕಾರದ ಗಟ್ಟಿ ಬೀಗ) ತಗೊಳ್ಳಿ, ಅದರಲ್ಲೂ ಗೋಲ್ಡ್ ಅಥವಾ ಡೈಮಂಡ್ ದರ್ಜೆ. ಫ್ರೇಮನ್ನೂ ಹಿಂದಿನ ಚಕ್ರವನ್ನೂ ಸೇರಿಸಿ ನೆಲಕ್ಕೆ ಹೂತ ಕಂಬಿಗೆ ಹಾಕಿ. ಮುಂದಿನ ಚಕ್ರಕ್ಕೆ ಇನ್ನೊಂದು ಬೀಗ. ಸೈಕಲ್ ತಲೆಕೆಳಗು ಮಾಡಿ ನೋಡಿದರೆ ಪೆಡಲ್ ಸೇರುವ ಜಾಗದ ಅಡಿಯಲ್ಲಿ ಸಾಮಾನ್ಯವಾಗಿ ಒಂದು ನಂಬರ್ ಕೊರೆದಿರುತ್ತದೆ. ಅದರ ಫೋಟೋ ತೆಗೆದು "ಬೈಕ್ ರಿಜಿಸ್ಟರ್" ಸೈಟಿನಲ್ಲಿ ಪುಕ್ಕಟೆಯಾಗಿ ನೋಂದಾಯಿಸಿ. ಪೊಲೀಸರು ನೋಡುವ ಪಟ್ಟಿ ಅದು. ಸೆಕೆಂಡ್ ಹ್ಯಾಂಡ್ ಸೈಕಲ್ ತಗೊಳ್ಳುವ ಮೊದಲು ಅದೇ ನಂಬರ್ ಅಲ್ಲಿ ಹಾಕಿ ನೋಡಿದರೆ ಕದ್ದ ಮಾಲಾ ಅಂತಲೂ ತಿಳಿಯಬಹುದು.

ನಮ್ಮ ಕಡೆಯ ಮಕ್ಕಳಿಗೆ ಹೆಚ್ಚು ಹೊಡೆತ ಕೊಡುವ ಅಪರಾಧವೊಂದು ಈ ನಕ್ಷೆಯಲ್ಲಿ ಇಲ್ಲವೇ ಇಲ್ಲ. ಅದು ವಂಚನೆ. ಬೀದಿ ನಕ್ಷೆಗೆ ಅದನ್ನು ಸೇರಿಸುವುದಿಲ್ಲ. ಊರಿನಲ್ಲಿ ಕೂತು ಫೋಟೋ ನೋಡಿ, ಕಾಣದ ಮನೆಗೆ ಅಡ್ವಾನ್ಸ್ ಕಳಿಸುವ ಮಕ್ಕಳಿದ್ದಾರೆ. ಇಲ್ಲಿಗೆ ಬಂದರೆ ಆ ಮನೆಯಲ್ಲಿ ಬೇರೆ ಯಾರೋ ಇರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಯಾರಾದರೂ ಪರಿಚಯದವರು ಮನೆ ನೋಡಿ ಬರಲಿ. ಇಲ್ಲವಾದರೆ ಮೊದಲ ವರ್ಷ ವಿಶ್ವವಿದ್ಯಾಲಯದ ಹಾಸ್ಟೆಲೇ ಸರಿ. ಕಾನೂನು ನಿಮ್ಮ ಕಡೆ ಇದೆ: ಸಾಮಾನ್ಯ ಬಾಡಿಗೆ ಮನೆಗೆ ಐದು ವಾರದ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೇಳುವ ಹಾಗಿಲ್ಲ. ಕೊಟ್ಟ ದುಡ್ಡನ್ನು ಮಾಲೀಕ 30 ದಿನದೊಳಗೆ ಸರ್ಕಾರ ಒಪ್ಪಿದ ರಕ್ಷಣಾ ಯೋಜನೆಯಲ್ಲಿ ಇಡಬೇಕು. ಆಕ್ಸ್‌ಫರ್ಡ್‌ನಲ್ಲಿ ಹಲವರು ಹಂಚಿಕೊಳ್ಳುವ ಮನೆಗೆ ನಗರ ಕೌನ್ಸಿಲ್ ಲೈಸೆನ್ಸ್ ಬೇಕು. ಆ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. "ವೀಸಾದಲ್ಲಿ ತೊಂದರೆ ಇದೆ, ಈಗಲೇ ದಂಡ ಕಟ್ಟಿ" ಅಂತ ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ. ಎಷ್ಟೇ ಅಧಿಕಾರಿಯ ದನಿಯಲ್ಲಿ ಮಾತಾಡಲಿ, ಇಟ್ಟುಬಿಡಿ.

"ಅತ್ತೆ, ಕೌಲಿ ರೋಡ್ ಬೇಡ ಅಂತಾರಲ್ಲ ಎಲ್ಲರೂ?" ಅಂತ ಹುಡುಗಿ ಕೇಳಿದಳು. ಅಲ್ಲಿ ವೃತ್ತಗಳು ಜಾಸ್ತಿ, ನಿಜ. ಹಾಗೆಯೇ ಹೋಟೆಲು, ದಿನಸಿ ಅಂಗಡಿ, ಜನ, ಬಸ್ಸು, ಬೆಳಕು ಎಲ್ಲವೂ ಜಾಸ್ತಿ. ರಾತ್ರಿ ಹತ್ತಕ್ಕೆ ನಾನು ಕೌಲಿ ರೋಡಿನಲ್ಲಿ ಒಬ್ಬಳೇ ನಡೆಯುತ್ತೇನೆ. ಥೇಮ್ಸ್ ದಂಡೆಯ ದಾರಿಯಲ್ಲಿ ನಡೆಯುವುದಿಲ್ಲ, ನಕ್ಷೆಯಲ್ಲಿ ಅಲ್ಲಿ ಎಷ್ಟೇ ಖಾಲಿ ಕಾಣಲಿ. ಕತ್ತಲಲ್ಲಿ ಅಲ್ಲಿ ಯಾರೂ ಓಡಾಡುವುದಿಲ್ಲ, ಅದಕ್ಕೇ ನಕ್ಷೆ ಖಾಲಿ. ಬ್ರೂಕ್ಸ್‌ನಿಂದ ಸಿಟಿಗೆ ಇಳಿಯುವಾಗ ಹಗಲಲ್ಲಿ ಸೌತ್ ಪಾರ್ಕ್ ಒಳಗಿನಿಂದ ಹೋದರೆ ಊರಿನ ಗೋಪುರಗಳೆಲ್ಲ ಕಾಣುತ್ತವೆ, ಬಹಳ ಚೆನ್ನಾಗಿರುತ್ತದೆ. ಕತ್ತಲಾದ ಮೇಲೆ ಮಾತ್ರ ಹೆಡಿಂಗ್ಟನ್ ರಸ್ತೆಯನ್ನೇ ಹಿಡಿಯಬೇಕು. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೆಲ್ಲ ಸೂರ್ಯ ಮುಳುಗಿರುತ್ತದೆ ಅನ್ನೋದು ಊರಿನಿಂದ ಬಂದವರಿಗೆ ಹೊಳೆಯುವುದೇ ಇಲ್ಲ. ಕತ್ತಲಾಯಿತು ಅಂದರೆ ಇಲ್ಲಿ ರಾತ್ರಿಯಾಯಿತು ಅಂತಲ್ಲ, ಕ್ಲಾಸ್ ಇನ್ನೂ ನಡೆಯುತ್ತಿರುತ್ತದೆ.

ಅದೇ ಸೈಟಿನಲ್ಲಿ ನಿಮ್ಮ ಪೋಸ್ಟ್‌ಕೋಡಿನ ಬೀಟ್ ಪೊಲೀಸರು ಯಾರು, ಅವರನ್ನು ಹೇಗೆ ಕಾಣಬಹುದು ಅಂತಲೂ ಇದೆ. ಜನ ಇದನ್ನು ನೋಡುವುದೇ ಇಲ್ಲ, ನೋಡಿ. ತುರ್ತು ನಂಬರ್ 999. ಊರಿನ ಅಭ್ಯಾಸದಲ್ಲಿ 112 ಒತ್ತಿದರೂ ಅಲ್ಲಿಗೇ ಹೋಗುತ್ತದೆ. ತುರ್ತಲ್ಲದ್ದಕ್ಕೆ 101. ಮೊಬೈಲಿನಿಂದ 999ಕ್ಕೆ ಹಚ್ಚಿ ಮಾತಾಡಲು ಆಗದ ಸ್ಥಿತಿ ಇದ್ದರೆ, ಆ ಕಡೆಯಿಂದ ಕೇಳಿದಾಗ ಕೆಮ್ಮಿ ಅಥವಾ ಫೋನನ್ನು ತಟ್ಟಿ. ಅದೂ ಆಗದಿದ್ದರೆ, 55 ಒತ್ತಿ ಅಂತ ಆ ಕಡೆಯಿಂದ ಹೇಳಿದಾಗ ಒತ್ತಿದರೆ ಪೊಲೀಸರಿಗೆ ಕಾಲ್ ಹೋಗುತ್ತದೆ. 55 ಒತ್ತಿದ ಮಾತ್ರಕ್ಕೆ ನೀವು ಎಲ್ಲಿದ್ದೀರಿ ಅಂತ ಅವರಿಗೆ ಗೊತ್ತಾಗಿಬಿಡುವುದಿಲ್ಲ. ಹಾಗಾಗಿ ಲೈನಿನಲ್ಲೇ ಇದ್ದು ಅವರು ಕೇಳುವುದಕ್ಕೆ ಉತ್ತರ ಕೊಡಿ. ಇದನ್ನು ಹುಡುಗಿಗೆ ನಾನು ಬಾಯಿಪಾಠ ಮಾಡಿಸಿದ್ದೇನೆ.

ಕೊನೆಗೆ ಅವಳು ಒಪ್ಪಿದ್ದು ಕೌಲಿ ರೋಡಿನಿಂದ ಒಳಗೆ ಒಂದು ಬೀದಿಯ ಮನೆ. ಲೈಸೆನ್ಸ್ ಇದೆ, ನಾನೇ ಹೋಗಿ ನೋಡಿದೆ. ಬಸ್ ಸ್ಟಾಪಿನಿಂದ ಬಾಗಿಲವರೆಗೂ ದೀಪ ಇದೆ, ಹಿಂದಿನ ಬಾಗಿಲಿಗೆ ಬೋಲ್ಟ್ ಸಡಿಲ ಇತ್ತು, ಅದನ್ನು ಬದಲಾಯಿಸಿ ಕೊಡಲು ಮಾಲೀಕರು ಒಪ್ಪಿದ್ದಾರೆ. ಸೈಕಲ್ ಒಳಗಿಡಲು ಹಿತ್ತಲಲ್ಲಿ ಶೆಡ್ ಇದೆ. ಅಣ್ಣ ಬೀಗಕ್ಕೆ ದುಡ್ಡು ಕಳಿಸುತ್ತೇನೆ ಅಂದಿದ್ದಾನೆ.