ನಾಲ್ಕು ಮಳೆಗಾಲ ಕಂಡ ನನ್ನ ಆರ್ಚ್‌ಟಾಪ್ ಗಿಟಾರ್

2021ರ ನವೆಂಬರಿನಲ್ಲಿ ಈ ಗಿಟಾರನ್ನು ಮನೆಗೆ ತಂದೆ. ಈಗ ನಾಲ್ಕು ಮಳೆಗಾಲ ದಾಟಿದೆ. ತಂದ ವಾರವೇ ಬರೆಯಬೇಕೆಂದು ಆಸೆಯಿತ್ತು. ಆದರೆ ಚಿಕ್ಕಮಗಳೂರು ಕಡೆಯ ಆಲ್ದೂರಿನಂಥ ಮಳೆಯ ಊರಿನಲ್ಲಿ ಮರದ ವಾದ್ಯದ ಬಗ್ಗೆ ನವೆಂಬರಿನಲ್ಲಿ ಆಡುವ ಮಾತಿಗೆ ತೂಕವಿಲ್ಲ. ಜುಲೈ ಕಳೆಯಬೇಕು, ಅದೂ ಒಂದಲ್ಲ, ನಾಲ್ಕಾರು. ಅದಕ್ಕೇ ಕಾದೆ.

ಪಿಟೀಲು ನೋಡಿದವರಿಗೆ ಆರ್ಚ್‌ಟಾಪ್ ಎಂದರೇನೆಂದು ಹೇಳುವುದು ಸುಲಭ. ನಮಗೆ ಪರಿಚಯವಿರುವ ಗಿಟಾರಿನ ಮೇಲ್ಹಲಗೆ ಚಪ್ಪಟೆ, ನಡುವೆ ದುಂಡು ರಂಧ್ರ. ಇದರದ್ದು ಪಿಟೀಲಿನಂತೆ ಉಬ್ಬಿದ ಹಲಗೆ, ಎರಡು ಪಕ್ಕದಲ್ಲಿ ಎಫ್ ಅಕ್ಷರದ ಆಕಾರದ ಸೀಳು. ಹಲಗೆಯ ಮೇಲೆ ತಂತಿಗಳನ್ನು ಹೊರುವ ಮರದ ತುಂಡಿಗೆ ಕುದುರೆ ಎನ್ನುತ್ತಾರೆ. ಇದರಲ್ಲಿ ಅದನ್ನು ಅಂಟಿಸಿರುವುದಿಲ್ಲ, ತಂತಿ ಒತ್ತುವ ಭಾರಕ್ಕೇ ಅದು ನಿಂತಿರುತ್ತದೆ. ತಂತಿಗಳ ಕೊನೆ ಸಿಕ್ಕಿರುವುದು ಕೆಳಗಿನ ಅಂಚಿಗೆ ತಿರುಪು ಹಾಕಿದ ಒಂದು ಲೋಹದ ಪಟ್ಟಿಗೆ. ಹಾಗಾಗಿ ಆರೂ ತಂತಿ ಒಟ್ಟಿಗೆ ಬಿಚ್ಚಿದರೆ ಕುದುರೆ ಕಳಚಿ ಕೈಗೆ ಬರುತ್ತದೆ. ಹೊಸಬರು ಇದೊಂದನ್ನು ನೆನಪಿಡಿ: ತಂತಿ ಬದಲಿಸುವಾಗ ಒಂದೊಂದನ್ನೇ ಬಿಚ್ಚಿ, ಒಂದೊಂದನ್ನೇ ಕಟ್ಟಿ.

ಹೀಗೇಕೆ ಮಾಡಿದರು ಎಂಬುದಕ್ಕೆ ನಮ್ಮ ಕಡೆಯದೇ ಒಂದು ಹೋಲಿಕೆಯಿದೆ. ಮೈಕಿಲ್ಲದ ಕಛೇರಿಗಳಲ್ಲಿ ಪಿಟೀಲಿನ ದನಿ ಹಿಂದಿನ ಸಾಲಿಗೂ ಮುಟ್ಟಲೆಂದು ಮೈಸೂರಿನ ಟಿ. ಚೌಡಯ್ಯನವರು ಏಳು ತಂತಿಯ ಪಿಟೀಲು ಹಿಡಿದರಲ್ಲ, ಅಮೆರಿಕದ ಗಿಟಾರಿನವರಿಗೂ ಅದೇ ಕಾಲದಲ್ಲಿ ಅದೇ ಕಷ್ಟ. ನೃತ್ಯದ ತಂಡಗಳಲ್ಲಿ ತುತ್ತೂರಿ, ಸ್ಯಾಕ್ಸೋಫೋನ್, ಡ್ರಮ್ಮು ಎಲ್ಲ ಸೇರಿದರೆ ಗಿಟಾರ್ ಕೇಳುತ್ತಲೇ ಇರಲಿಲ್ಲ. ಮಿಷಿಗನ್ ರಾಜ್ಯದ ಕಲಮಝೂ ಊರಿನಲ್ಲಿ ಗಿಬ್ಸನ್ ಕಂಪನಿ 1922ರಲ್ಲಿ ಎಲ್-5 ಎಂಬ ಮಾದರಿ ತಂದಿತು. ಪಿಟೀಲಿನ ಎಫ್ ಸೀಳು ಗಿಟಾರಿಗೆ ಬಂದದ್ದು ಅದರಲ್ಲಿ. ಕೌಂಟ್ ಬೇಸಿಯ ಜ್ಯಾಝ್ ತಂಡಕ್ಕೆ 1937ರಲ್ಲಿ ಸೇರಿದ ಫ್ರೆಡ್ಡಿ ಗ್ರೀನ್ ಇಂಥ ಗಿಟಾರನ್ನೇ ಕರೆಂಟಿನ ಹಂಗಿಲ್ಲದೆ ನುಡಿಸುತ್ತ ಇಡೀ ತಂಡದ ತಾಳ ಹಿಡಿದರು. ಆವರ್ತಕ್ಕೆ ನಾಲ್ಕು ಏಟು, ಅಷ್ಟೇ. ಇವತ್ತಿಗೂ ಆ ಧ್ವನಿಮುದ್ರಣಗಳಲ್ಲಿ ಕಿವಿಗೊಟ್ಟು ಹುಡುಕಿದರೆ ಹಿತ್ತಾಳೆ ವಾದ್ಯಗಳ ಅಬ್ಬರದ ಅಡಿಯಲ್ಲಿ ಆ ಏಟು ಸಿಗುತ್ತದೆ. ಗಿಬ್ಸನ್ ಕಂಪನಿಯೇ 1936ರಲ್ಲಿ ಇಎಸ್-150 ಎಂಬ ವಿದ್ಯುತ್ ಗಿಟಾರ್ ಮಾಡಿತು, ಜ್ಯಾಝ್ ವಾದಕ ಚಾರ್ಲಿ ಕ್ರಿಶ್ಚಿಯನ್ ಅದನ್ನು ಹಿಡಿದು ಗಿಟಾರನ್ನು ಹಿಂದಿನ ಸಾಲಿನಿಂದ ಮುಂದಕ್ಕೆ ತಂದರು. ಆದರೆ ಮೂಲದಲ್ಲಿ ಇದು ಕರೆಂಟಿಲ್ಲದೆ ಕೇಳಿಸಬೇಕೆಂದು ಹುಟ್ಟಿದ ವಾದ್ಯ. ಇದನ್ನೇಕೆ ಒತ್ತಿ ಹೇಳುತ್ತಿದ್ದೇನೆಂದು ಕೊನೆಗೆ ಗೊತ್ತಾಗುತ್ತದೆ.

ನನ್ನದನ್ನು ಮಾಡಿದವರು ಬೆಂಗಳೂರಿನ ಹೊರವಲಯದಲ್ಲಿ ಒಬ್ಬರೇ ಕೆಲಸ ಮಾಡುವ ಕುಶಲಕರ್ಮಿ. ಮೇಲ್ಹಲಗೆ ಯುರೋಪಿನ ಸ್ಪ್ರೂಸ್, ಹಿಂಬದಿ ಮತ್ತು ಪಕ್ಕಗಳು ಮೇಪಲ್, ಬೆರಳು ಹಲಗೆ ಎಬೊನಿ. ಅಗಲವಾದ ಕಡೆ 16 ಅಂಗುಲ. ಚಪ್ಪಟೆ ಗಿಟಾರಿಗೆ ತೆಳು ಹಲಗೆ ತಂದು ಅಂಟಿಸುತ್ತಾರೆ. ಇದಕ್ಕೆ ದಪ್ಪ ಮರವನ್ನು ಪುಸ್ತಕ ತೆರೆದಂತೆ ಸೀಳಿ, ಎರಡು ಹೋಳು ಜೋಡಿಸಿ, ಹೊರಗಿನಿಂದಲೂ ಒಳಗಿನಿಂದಲೂ ಉಳಿಯಲ್ಲಿ, ಆಮೇಲೆ ಹೆಬ್ಬೆರಳಿನಷ್ಟು ಚಿಕ್ಕ ಹಿತ್ತಾಳೆ ಕೀಸುಳಿಯಲ್ಲಿ ಕೆತ್ತಿ ತೆಗೆಯುತ್ತಾರೆ. ನನ್ನದರಲ್ಲಿ ನಡುವೆ ಸುಮಾರು 6 ಮಿ.ಮೀ., ಅಂಚಿಗೆ ಬರುತ್ತ 3 ಮಿ.ಮೀ. ನಾನು ನೋಡಲು ಹೋದ ದಿನ ಅವರು ಹಲಗೆಯನ್ನು ಎರಡು ಬೆರಳಲ್ಲಿ ಹಿಡಿದು ತೂಗಾಡಿಸಿ, ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಿದ್ದರು. ಒಂದಿಷ್ಟು ಕೀಸುವುದು, ತಟ್ಟುವುದು, ಮತ್ತೆ ಕೀಸುವುದು. ಮೊದಲು ಟಕ್ ಎನ್ನುತ್ತಿದ್ದ ಹಲಗೆ ಸಂಜೆ ಹೊತ್ತಿಗೆ ತುಂಬಿದ ದನಿ ಕೊಡುತ್ತಿತ್ತು. ನನಗೆ ಅಮ್ಮ ಹಿತ್ತಲಿನ ಹಲಸಿನ ಕಾಯಿಗಳನ್ನು ಒಂದೊಂದಾಗಿ ತಟ್ಟಿ, "ಇದಕ್ಕಿನ್ನೂ ಎರಡು ದಿನ ಬೇಕು ಕಣೋ" ಎನ್ನುವುದು ನೆನಪಾಯಿತು. ಕಿವಿಯಲ್ಲಿರುವ ಆ ಲೆಕ್ಕವನ್ನು ಯಾವ ಅಳತೆ ಪಟ್ಟಿಯೂ ಕೊಡುವುದಿಲ್ಲ. ದುಡ್ಡು ಕೊಡುವ ಬಗ್ಗೆ ಇದ್ದ ಅಳುಕು ಅವತ್ತೇ ಹೋಯಿತು.

ಐದು ತಿಂಗಳು ಎಂದಿದ್ದರು, ಎಂಟಾಯಿತು. ಬೇಸರವಾಗಿತ್ತು, ಫೋನಿನಲ್ಲಿ ಸ್ವಲ್ಪ ಬಿರುಸಾಗಿಯೂ ಮಾತಾಡಿದೆ. "ಅಂಟು ಒಣಗೋಕೆ ಈ ಮಳೇಲಿ ಟೈಮ್ ಬೇಕು ಸಾರ್, ಅವಸರ ಮಾಡಿ ಕೊಟ್ರೆ ನಿಮ್ಮೂರಲ್ಲಿ ಬಿಟ್ಕೊಳ್ಳುತ್ತೆ" ಎಂದರು. ಆಗ ಅದು ನೆಪ ಅನ್ನಿಸಿತ್ತು. ಈಗ ಅವರು ಹೇಳಿದ್ದೇ ಸರಿ ಎನ್ನುತ್ತೇನೆ.

ತರುವ ದಿನ ಬಸ್ಸಿನಲ್ಲಿ ಎರಡು ಸೀಟು ಬುಕ್ ಮಾಡಿದ್ದೆ, ಒಂದು ನನಗೆ, ಒಂದು ಅದಕ್ಕೆ. ಹಾಸನ ದಾಟಿ ಬೇಲೂರು ಕಡೆ ತಿರುಗಿದ ಮೇಲೆ ರಸ್ತೆಯ ತಿರುವುಗಳಲ್ಲೆಲ್ಲ ಪೆಟ್ಟಿಗೆಯ ಮೇಲೆ ಕೈಯಿಟ್ಟೇ ಕೂತಿದ್ದೆ. ಮನೆ ಮುಟ್ಟಿದಾಗ ರಾತ್ರಿ ಒಂಬತ್ತೂವರೆ. ತಕ್ಷಣ ತೆಗೆಯಬೇಡಿ, ಹೊಸ ಜಾಗದ ಹವೆಗೆ ಪೆಟ್ಟಿಗೆಯೊಳಗೇ ಹೊಂದಿಕೊಳ್ಳಲಿ ಎಂದಿದ್ದರು. ಊಟ ಮಾಡಿದೆ, ಮಗಳ ಹೋಮ್‌ವರ್ಕ್ ನೋಡಿದೆ, ಅಂಗಳದಲ್ಲಿ ಎರಡು ಸುತ್ತು ಹಾಕಿದೆ. ಹನ್ನೊಂದಕ್ಕೆ ಮುಚ್ಚಳ ತೆಗೆದೆ.

ವಾರ್ನಿಷಿನ ವಾಸನೆ ಮೊದಲು ಬಂತು. ದೀಪದ ಬೆಳಕು ಉಬ್ಬಿದ ಹಲಗೆಯ ಮೇಲೆ ನಿಲ್ಲುವುದಿಲ್ಲ, ಗಿಟಾರನ್ನು ಸ್ವಲ್ಪ ವಾಲಿಸಿದರೆ ಜಾರುತ್ತ ಅಂಚಿಗೆ ಹೋಗಿ ಕಂದುಬಣ್ಣದಲ್ಲಿ ಕರಗುತ್ತದೆ. ಸ್ಪ್ರೂಸಿನ ಎಳೆಗಳು ಬಾಚಿದ ಕೂದಲಿನಷ್ಟು ನೇರ. ಹಿಂದೆ ತಿರುಗಿಸಿದರೆ ಮೇಪಲ್ಲಿನಲ್ಲಿ ಹುಲಿಪಟ್ಟೆ. ಎಫ್ ಸೀಳಿನ ಒಳಅಂಚಿನಲ್ಲಿ ಚಾಕುವಿನ ಒಂದು ಸಣ್ಣ ಗುರುತು ಉಳಿದಿತ್ತು, ಉಜ್ಜಿ ತೆಗೆದಿರಲಿಲ್ಲ. ಅದರ ಮೇಲೆ ಬೆರಳಾಡಿಸಿದೆ. ಒಬ್ಬ ಮನುಷ್ಯನ ಕೈ ಇಲ್ಲಿ ನಿಂತು ಮುಂದೆ ಹೋಗಿದೆ. ಕಾರ್ಖಾನೆಯ ಗಿಟಾರನ್ನು ಇಪ್ಪತ್ತು ವರ್ಷ ನುಡಿಸಿದವನಿಗೆ ಆ ಗುರುತು ಕೊಟ್ಟ ಸಂತೋಷ ಎಷ್ಟೆಂದು ಹೇಳಲು ಬರುವುದಿಲ್ಲ.

ಮನೆಯವರೆಲ್ಲ ಮಲಗಿದ್ದರಿಂದ ಹೆಬ್ಬೆರಳಿನ ಮೆತ್ತನೆ ಭಾಗದಿಂದ ಒಂದು ಮೇಜರ್ ಸೆವೆಂತ್ ಕಾರ್ಡ್, ಅಂದರೆ ನಾಲ್ಕು ಸ್ವರ ಒಟ್ಟಿಗೆ, ಮೀಟಿದೆ. ನಾಲ್ಕು ಸ್ವರವೂ ಬೇರೆಬೇರೆಯಾಗಿ ಕೇಳಿದವು. ಚಪ್ಪಟೆ ಗಿಟಾರಿನಲ್ಲಿ ಕಾರ್ಡ್ ಎಂದರೆ ಒಂದು ಅಲೆ, ಸ್ವರಗಳು ಒಂದರೊಳಗೊಂದು ಸೇರಿ ಹರಿಯುತ್ತವೆ. ಇದರಲ್ಲಿ ನಾಲ್ಕು ಜನ ಒಟ್ಟಿಗೆ ನಿಂತು ಒಂದೇ ಮಾತು ಹೇಳಿದ ಹಾಗೆ. ಥಟ್ಟನೆ ಬರುತ್ತದೆ, ತುಂಬಿ ನಿಲ್ಲುತ್ತದೆ, ಬೇಗ ಅಡಗಿ ಮುಂದಿನ ಕಾರ್ಡಿಗೆ ಜಾಗ ಬಿಡುತ್ತದೆ. ಆ ಬೇಗ ಅಡಗುವ ಗುಣವೇ ಜ್ಯಾಝ್‌ಗೆ ಬೇಕಾದ್ದು. ಭಾವಗೀತೆಗೆ ಜೊತೆಯಾಗಿ ಉದ್ದಕ್ಕೆ ಮೊರೆಯುವ ದನಿ ಬೇಕೆನ್ನುವವರು ಇದನ್ನು ಕೊಳ್ಳಬೇಡಿ, ಖಂಡಿತ ನಿರಾಸೆಯಾಗುತ್ತದೆ.

ತಂತಿ ಫ್ಲಾಟ್‌ವೌಂಡ್, ದಪ್ಪ ಅಂಗುಲದ ಸಾವಿರದ ಲೆಕ್ಕದಲ್ಲಿ 12ರಿಂದ 52. ಹೊರಸುತ್ತು ಚಪ್ಪಟೆಯಾಗಿರುವುದರಿಂದ ಬೆರಳು ಜಾರಿಸಿದರೆ ಕಿರ್ ಎನ್ನುವುದಿಲ್ಲ. ಎರಡನೇ ವರ್ಷ ಸಾಮಾನ್ಯ ದುಂಡು ಸುತ್ತಿನ ತಂತಿ ಹಾಕಿ ಒಂದು ತಿಂಗಳು ನೋಡಿದೆ. ದನಿ ಹೊಳಪಾಯಿತು, ಆದರೆ ಗಿಟಾರಿನ ಸ್ವಭಾವವೇ ಹೋಯಿತು. ಮತ್ತೆ ಹಳೆಯದಕ್ಕೇ ಬಂದೆ. ಜ್ಯಾಝ್ ಗಿಟಾರ್ ವಾದಕ ವೆಸ್ ಮಾಂಟ್ಗೊಮರಿ ತಂತಿ ಮೀಟುವ ಪ್ಲೆಕ್ಟ್ರಮ್ ಬಿಟ್ಟು ಬರೀ ಹೆಬ್ಬೆರಳಲ್ಲಿ ಎಲ್-5 ನುಡಿಸುತ್ತಿದ್ದರೆಂದು ಕೇಳಿ ನಾನೂ ಅಭ್ಯಾಸ ಮಾಡಿದೆ. ಅವರ ವೇಗ ನನಗೆಲ್ಲಿ ಬರಬೇಕು, ಆದರೆ ಆ ಮೆತ್ತನೆ ದನಿಯ ಒಂದು ಪಾಲು ಈ ಮರದಲ್ಲಿ ಸಿಗುತ್ತದೆ.

ಇನ್ನು ಮಳೆ. ನಾನು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕೆಲಸ ಮಾಡುತ್ತೇನೆ. ಮೂಟೆಯಿಂದ ಸ್ಯಾಂಪಲ್ ತೆಗೆದು ತೇವಾಂಶ ನೋಡುವುದು ನನ್ನ ದಿನನಿತ್ಯದ ಕೆಲಸ. ಪಾರ್ಚ್‌ಮೆಂಟ್, ಅಂದರೆ ಒಳಸಿಪ್ಪೆ ಇನ್ನೂ ಇರುವ ಬೀಜದಲ್ಲಿ ಅದು ಶೇ. 10ರ ಆಸುಪಾಸು ಇರಬೇಕು, ಹೆಚ್ಚಿದ್ದರೆ ಬೀಜದ ಬಣ್ಣ ಕೆಡುತ್ತದೆ, ಬೂಷ್ಟು ಹಿಡಿಯುತ್ತದೆ. ಕರಾವಳಿಯಲ್ಲಿ ಮಾನ್ಸೂನ್ಡ್ ಮಲಬಾರ್ ಎಂಬ ಕಾಫಿ ಮಾಡುವಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಜವನ್ನು ಬೇಕೆಂದೇ ತೇವದ ಗಾಳಿಗೆ ಹರವುತ್ತಾರೆ, ಬೀಜ ಊದಿ ಬಿಳಚಿಕೊಳ್ಳುತ್ತದೆ. ಅದನ್ನು ಕಣ್ಣಾರೆ ಕಂಡವನಿಗೆ ಮರದ ಹಲಗೆ ಏನು ಮಾಡುತ್ತದೆಂದು ಯಾರೂ ಹೇಳಿಕೊಡಬೇಕಿಲ್ಲ. ಆದರೂ ಮೊದಲ ಜುಲೈಯಲ್ಲಿ ಎಡವಿದೆ. ಎರಡು ವಾರ ಗಿಟಾರನ್ನು ಹಾಲ್‌ನಲ್ಲಿ ಸ್ಟ್ಯಾಂಡಿನ ಮೇಲೆ ಬಿಟ್ಟಿದ್ದೆ. ಗೋಡೆಯ ಮೀಟರ್ ಗಾಳಿಯ ತೇವ ಶೇ. 88 ಎಂದು ತೋರಿಸುತ್ತಿತ್ತು. ಮೇಲ್ಹಲಗೆ ಉಬ್ಬಿ ಕುದುರೆಯನ್ನು ಮೇಲಕ್ಕೆತ್ತಿತು. ಬೆರಳು ಹಲಗೆಯಲ್ಲಿ ಅಡ್ಡಕ್ಕೆ ಕೂರಿಸಿದ ಲೋಹದ ಮೆಟ್ಟುಗಳಲ್ಲಿ ಹನ್ನೆರಡನೆಯದರ ಮೇಲೆ 2 ಮಿ.ಮೀ. ಇದ್ದ ತಂತಿಯ ಎತ್ತರ 2.6 ಆಯಿತು. ಬೆರಳು ನೋಯುತ್ತಿತ್ತು, ದನಿ ಒದ್ದೆ ಬಟ್ಟೆ ಹೊದ್ದ ಹಾಗೆ ಮಂಕು.

ಕುಶಲಕರ್ಮಿಗೆ ಫೋನ್ ಮಾಡಿದಾಗ ಗಾಬರಿ ಬೇಡ ಎಂದರು. ಕುದುರೆಯ ಕಾಲಿನಲ್ಲಿ ಎರಡು ಹಿತ್ತಾಳೆ ಚಕ್ರಗಳಿವೆ, ತಂತಿ ಸ್ವಲ್ಪ ಸಡಿಲಿಸಿ ಅವನ್ನು ತಿರುಗಿಸಿದರೆ ಎತ್ತರ ಇಳಿಯುತ್ತದೆ. ಅಂಟಿಸಿದ ಕುದುರೆಯಲ್ಲಿ ಈ ಅನುಕೂಲವಿಲ್ಲ. ಆದರೆ ಅದು ತಾತ್ಕಾಲಿಕ, ತೇವ ಇಳಿಸುವುದೇ ಮದ್ದು. ನಮ್ಮ ಕಡೆ ಬಟ್ಟೆಯ ಬೀರುವಿನಲ್ಲಿ ಬಲ್ಬ್ ಉರಿಸುತ್ತಾರಲ್ಲ, ಆ ಉಪಾಯ ಇದಕ್ಕೆ ಬೇಡ. ಒಂದೇ ಕಡೆ ಬಿಸಿ ತಾಗಿದರೆ ಅಂಟು ಬಿಡಬಹುದು. ನಾನು ಚಿಕ್ಕ ಕೋಣೆಗೆ ತೇವ ಹೀರುವ ಯಂತ್ರ ಕೊಂಡೆ. ಜುಲೈಯಲ್ಲಿ ದಿನಕ್ಕೆ ಒಂದೂವರೆ ಲೀಟರಿನಷ್ಟು ನೀರು ಅದರ ತೊಟ್ಟಿಯಿಂದ ಚೆಲ್ಲುತ್ತೇನೆ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಚೀಲಗಳು, ನೀಲಿ ಮಣಿ ಗುಲಾಬಿಯಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ ಮತ್ತೆ ನೀಲಿಗೆ ತರುತ್ತೇನೆ. ಗಾಳಿಯ ತೇವವನ್ನು ಶೇ. 45ರಿಂದ 55ರೊಳಗೆ ಇರಿಸಿದ್ದೇನೆ. ಎರಡನೇ ಮಳೆಗಾಲದಿಂದ ತಂತಿಯ ಎತ್ತರ ಕೂದಲೆಳೆಯಷ್ಟೇ ಆಚೀಚೆ.

ಬೇಸಿಗೆಯ ತೊಂದರೆ ಬೇರೆ. 2023ರ ಮಾರ್ಚಿನಲ್ಲಿ ಒಣಹವೆಗೆ ಎಬೊನಿ ಹಲಗೆ ಕುಗ್ಗಿತು, ಲೋಹದ ಮೆಟ್ಟುಗಳು ಕುಗ್ಗಲಿಲ್ಲ, ಅವುಗಳ ತುದಿ ಹೊರಚಾಚಿ ಅಂಗೈಯನ್ನು ಗೀರತೊಡಗಿದವು. ಬೆಂಗಳೂರಿಗೆ ಒಯ್ದೆ, ಅರ್ಧ ದಿನದಲ್ಲಿ ಅರದಿಂದ ತೀಡಿಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಬೇರೆ ಅಂಗಡಿಯಲ್ಲಿ ಕೊಂಡ ಪೆಟ್ಟಿಗೆಯ ಬೀಗ, ಕೀಲುಗಳು ಎರಡೇ ಮಳೆಗೆ ತುಕ್ಕು ಹಿಡಿದವು. ಮಲೆನಾಡಿನವರು ಹಿತ್ತಾಳೆ ಕೀಲಿನ ಪೆಟ್ಟಿಗೆಯನ್ನೇ ಕೇಳಿ ತೆಗೆದುಕೊಳ್ಳಿ.

ತಂತಿಯ ದನಿಯನ್ನು ಆಂಪ್ಲಿಫೈಯರಿಗೆ ಒಯ್ಯುವ ಪಿಕಪ್ಪನ್ನು ಹಲಗೆಗೆ ತೂತು ಕೊರೆದು ಕೂರಿಸಿಲ್ಲ, ಬೆರಳು ಹಲಗೆಯ ತುದಿಗೆ ತೇಲುವ ಹಾಗೆ ಹಿಡಿಸಿದ್ದಾರೆ. ಹಲಗೆ ಸ್ವತಂತ್ರವಾಗಿ ನಡುಗಲಿ ಎಂದು ನಾನೇ ಕೇಳಿದ್ದು. ಇದರ ಬೆಲೆ ಆಂಪ್ಲಿಫೈಯರ್ ಮುಂದೆ ತೆರಬೇಕು. ಒಂದು ಕ್ರಿಸ್ಮಸ್ ಸಂಜೆ ಚರ್ಚಿನಲ್ಲಿ ಗೆಳೆಯರ ಜೊತೆ ನುಡಿಸಲು ಕೂತಾಗ ಸ್ಪೀಕರಿನ ದನಿ ಪೊಳ್ಳು ಒಡಲಿಗೆ ಹೊಕ್ಕು ಊಳಿಡತೊಡಗಿತು. ಎಫ್ ಸೀಳುಗಳಿಗೆ ಸ್ಪಂಜಿನ ತುಂಡು ತುರುಕಿ, ಸ್ಪೀಕರನ್ನು ಪಕ್ಕಕ್ಕೆ ತಿರುಗಿಸಿದ ಮೇಲೆ ಸರಿಹೋಯಿತು. ದೊಡ್ಡ ದನಿಯ ವೇದಿಕೆಗೆ ಹೆಚ್ಚಾಗಿ ಹೋಗುವವರಿಗೆ ಗಟ್ಟಿ ಒಡಲಿನ ಗಿಟಾರೇ ಸರಿ.

ಒಟ್ಟು ಖರ್ಚು ಒಂದು ಲಕ್ಷದ ಎಪ್ಪತ್ತು ಸಾವಿರ, ಯಂತ್ರ ಮತ್ತು ಪೆಟ್ಟಿಗೆ ಬೇರೆ. ನನ್ನ ಸಂಬಳಕ್ಕೆ ದೊಡ್ಡ ಮೊತ್ತ. ಮೂರು ವರ್ಷ ಚೀಟಿ ಕಟ್ಟಿದ್ದೆ. ಈಗ ಯಾರಾದರೂ ಕೇಳಿದರೆ ಮತ್ತೆ ಕಟ್ಟುತ್ತೇನೆ ಎನ್ನುತ್ತೇನೆ. ನಾಲ್ಕು ವರ್ಷದಲ್ಲಿ ದನಿ ಸಡಿಲಾಗಿದೆ, ಮಂದ್ರದ ಎರಡು ತಂತಿಗಳಲ್ಲಿ ಮೊದಲಿಲ್ಲದ ಆಳ ಬಂದಿದೆ. ಮಾಡಿಸುವವರು ಮಳೆ ಮುಗಿದ ಮೇಲೆ ಕೈಗೆ ಸಿಗುವ ಹಾಗೆ ಆರ್ಡರ್ ಕೊಡಿ, ಮೊದಲ ಆರು ತಿಂಗಳು ಅದಕ್ಕೂ ನಿಮಗೂ ಸುಲಭ.

ಕರೆಂಟಿನ ಮಾತು ಹೇಳಿದ್ದೆನಲ್ಲ. ನಮ್ಮಲ್ಲಿ ಆಷಾಢದ ಗಾಳಿಗೆ ಒಂದು ಮರ ಲೈನಿನ ಮೇಲೆ ಬಿದ್ದರೆ ಎರಡು ದಿನ, ಮೂರು ದಿನ ಕತ್ತಲೆ. ತೇವ ಹೀರುವ ಯಂತ್ರವೂ ನಿಲ್ಲುತ್ತದೆ, ಗಿಟಾರ್ ಪೆಟ್ಟಿಗೆಯೊಳಗೇ ಇರಬೇಕು. ಆದರೂ ರಾತ್ರಿ ಊಟವಾದ ಮೇಲೆ ಒಂದು ಗಂಟೆ ಹೊರಗೆ ತೆಗೆಯುತ್ತೇನೆ. ಜಗಲಿಗೆ ತಗಡಿನ ಮಾಡು, ಅದರ ಮೇಲೆ ಮಳೆ ಬಿದ್ದರೆ ಎದುರಿಗೆ ಕೂತವರ ಮಾತೂ ಕೇಳುವುದಿಲ್ಲ. ನನ್ನ ಹಳೆಯ ಗಿಟಾರ್ ಆ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು. ಇದು ಮುಳುಗುವುದಿಲ್ಲ. ಆವರ್ತಕ್ಕೆ ನಾಲ್ಕು ಏಟು ಹಾಕುತ್ತ ಹೋದರೆ ಹಜಾರ ದಾಟಿ ಅಡುಗೆಮನೆಗೆ ಕೇಳುತ್ತದೆ. ಈ ಜುಲೈಯಲ್ಲಿ ಅಂಥ ಒಂದು ರಾತ್ರಿ ನುಡಿಸಿ, ಒರೆಸಿ, ಪೆಟ್ಟಿಗೆಗೆ ಇಡುತ್ತಿದ್ದೆ. ಒಲೆ ಮುಂದೆ ಮೈ ಕಾಯಿಸಿಕೊಳ್ಳುತ್ತಿದ್ದ ಅಮ್ಮ ಕೂಗಿದರು: "ಯಾಕೋ ನಿಲ್ಲಿಸ್ಬಿಟ್ಟೆ? ಮಳೆ ಇನ್ನೂ ನಿಂತಿಲ್ವಲ್ಲ."

ಸಿಲಿಕಾ ಚೀಲ ಮುಟ್ಟಿ ನೋಡಿದೆ, ಮಣಿಗಳು ಇನ್ನೂ ನೀಲಿಯೇ ಇದ್ದವು. ಮತ್ತೆ ಹೊರತೆಗೆದೆ.