ಹತ್ತಿಕಾಳು ಹಿಂಡಿ: ಬಿಟಿಗಿಂತ ಬೂಷ್ಟಿಗೆ ಹೆದರಿ

ನಮ್ಮ ಊರಿನ ಅಂಗಡಿಯಿಂದ ಹಾವೇರಿ ಕಡೆಯ ಗಿರಣಿಯೊಂದರ ಹತ್ತಿಕಾಳು ಹಿಂಡಿಯನ್ನು ಬೇಸಿಗೆಯಿಂದ ತರಿಸುತ್ತಿದ್ದೇನೆ. ಕೊಟ್ಟಿಗೆಯಲ್ಲಿ ಎರಡು ಜರ್ಸಿ ಮಿಶ್ರತಳಿ ಹಸು, ಒಂದು ಎಮ್ಮೆ ಇವೆ. ಹಿಂಡಿ ನಿಜಕ್ಕೂ ಚೆನ್ನಾಗಿದೆ. ನೆನೆಹಾಕಿದರೆ ಸಲೀಸಾಗಿ ಅರಳುತ್ತದೆ, ಬಕೆಟ್ಟಿನ ತಳದಲ್ಲಿ ಮಣ್ಣು ಕೂರುವುದಿಲ್ಲ. ಡೇರಿಯಲ್ಲಿ ಎಮ್ಮೆ ಹಾಲಿನ ಫ್ಯಾಟ್ ಏರಿದೆ.

ಹಾಲು ಒಯ್ಯಲು ಬರುವ ತಾಯಂದಿರು, "ಅಕ್ಕಾ, ಇದು ಬಿಟಿ ಹತ್ತಿಯದಲ್ಲವೇ, ಮಕ್ಕಳಿಗೆ ಹಾಲು ಕೊಡಬಹುದೇ?" ಎಂದು ಕೇಳುತ್ತಾರೆ. ಬಿಟಿಯದೇ, ಅಂದರೆ ಕಾಯಿಕೊರಕ ಹುಳುವನ್ನು ತಾನೇ ಕೊಲ್ಲುವಂತೆ ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಹತ್ತಿಯದೇ. 2002ರಲ್ಲಿ ಅನುಮತಿ ಸಿಕ್ಕ ಬಿಟಿ ಹತ್ತಿ ಈಗ ದೇಶದ ಹತ್ತಿ ಹೊಲಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಭಾಗದಲ್ಲಿದೆ. ಬಿಟಿಯಲ್ಲದ ಹಿಂಡಿ ಎಂದು ಯಾರಾದರೂ ಹೆಚ್ಚು ದುಡ್ಡು ಕೇಳಿದರೆ ಕೊಡಬೇಡಿ. ಆ ಜೀನಿನಿಂದ ಗಿಡದಲ್ಲಿ ಹುಟ್ಟುವ ಕ್ರೈ ಎಂಬ ಪ್ರೋಟೀನು ಕಾಯಿಕೊರಕ ಹುಳುವಿನ ಕರುಳಿಗೆ ಅಂಟಿಕೊಂಡು ಅದನ್ನು ಕೊಲ್ಲುತ್ತದೆ. ಹಸುವಿನ ಕರುಳಿನಲ್ಲಿ ಅದು ಅಂಟಿಕೊಳ್ಳುವ ಜಾಗವೇ ಇಲ್ಲ. ಉಳಿದ ಪ್ರೋಟೀನಿನಂತೆ ಅರಗಿಹೋಗುತ್ತದೆ. ಕರ್ನಾಲ್‌ನ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯವರು ಕರೆಯುವ ಹಸುಗಳಿಗೆ ಬಿಟಿ ಹತ್ತಿಕಾಳು ತಿನ್ನಿಸಿ ನೋಡಿದ್ದಾರೆ. ಹಾಲಿನ ಇಳುವರಿ ಕುಗ್ಗಲಿಲ್ಲ, ಹಾಲಿನಲ್ಲಿ ಆ ಪ್ರೋಟೀನೂ ಸಿಗಲಿಲ್ಲ. ಆ ಪ್ರಯೋಗ ಕೆಲವೇ ವಾರಗಳದ್ದು, ವರ್ಷಗಟ್ಟಲೆ ತಿನ್ನಿಸಿ ನೋಡುವ ಕೆಲಸವೂ ಆಗಬೇಕು ಎಂಬುದು ನನ್ನ ಒತ್ತಾಯ.

ನನಗೆ ಹೆಚ್ಚು ಭಯವಿರುವುದು ಬೇರೆ ಎರಡು ವಿಷಗಳ ಬಗ್ಗೆ. ಬಿಟಿ ಇರಲಿ, ನಾಟಿ ಇರಲಿ, ಹತ್ತಿಕಾಳಿನಲ್ಲಿ ಗಾಸಿಪಾಲ್ ಎಂಬ ಸಹಜ ವಿಷ ಇದ್ದೇ ಇರುತ್ತದೆ. ದೊಡ್ಡ ದನದ ಮೆಲುಕುಹೊಟ್ಟೆ ಅದನ್ನು ಬಹುಮಟ್ಟಿಗೆ ತಡೆದುಕೊಳ್ಳುತ್ತದೆ, ಎಳೆಗರುವಿಗೆ ಆ ಶಕ್ತಿ ಇಲ್ಲ. ಕರುಗಳಿಗೆ ನಾನು ಇದನ್ನು ಮುಟ್ಟಿಸುವುದಿಲ್ಲ, ಕರೆಯುವ ಹಸುವಿಗೂ ದಿನಕ್ಕೆ ಎರಡು ಕಿಲೋ ಮೀರುವುದಿಲ್ಲ. ಇನ್ನೊಂದು ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್. ಹಾಲಿಗೆ ಇಳಿಯುವ ವಿಷವೆಂದರೆ ಇದು; ಕಾಯಿಸಿದರೂ ಹೋಗುವುದಿಲ್ಲ. ಹಾಲಿನಲ್ಲಿ ಕಿಲೋಗೆ 0.5 ಮೈಕ್ರೋಗ್ರಾಂ ಮೀರಬಾರದೆಂದು ನಿಯಮವಿದೆ.

ಮಳೆಗಾಲದಲ್ಲಿ ಬಂದ ಒಂದು ಚೀಲದ ಬಾಯಿ ಬಿಚ್ಚಿದಾಗಲೇ ಮುಗ್ಗಲು ವಾಸನೆ ಹೊಡೆಯಿತು. ಹೆಂಟೆ ಮುರಿದರೆ ಒಳಗೆ ಬೂದುಹಸಿರು ಪುಡಿ. ಅಂಗಡಿಯವರು "ಬಿಸಿಲಿಗೆ ಹಾಕಿ ಕೊಡಿ" ಎಂದರು. ಬಿಸಿಲಿಗೆ ಬೂಷ್ಟು ಒಣಗಬಹುದು, ವಿಷ ಪೂರ್ತಿ ಹೋಗುತ್ತದೆಂಬ ಭರವಸೆಯಿಲ್ಲ. ಜಗಳ ಮಾಡಿ ಚೀಲ ಹಿಂದಿರುಗಿಸಿದೆ. ಚೀಲದ ಮೇಲೆ ಗಿರಣಿಯ ಹೆಸರು, ತೂಕ ಬಿಟ್ಟರೆ ತಯಾರಿಸಿದ ದಿನಾಂಕವಿಲ್ಲ, ಪ್ರೋಟೀನು ಎಷ್ಟೆಂದಿಲ್ಲ, ತೇವಾಂಶ ಎಷ್ಟೆಂದಿಲ್ಲ. ಮಗುವಿನ ಬಾಯಿಗೆ ಹೋಗುವ ಹಾಲಿನ ಮೂಲ ಇದು. ಇಷ್ಟು ಉಡಾಫೆ ಸಲ್ಲದು.

ಬೇಸಿಗೆಯಲ್ಲಿ ಧೈರ್ಯವಾಗಿ ಕೊಳ್ಳಿ, ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಮಳೆಗಾಲದಲ್ಲಿ ಎರಡೇ. ಅಂಗಡಿಯಲ್ಲೇ ಚೀಲ ಬಿಚ್ಚಿಸಿ, ಒಂದು ಹೆಂಟೆ ಮುರಿದು ಮೂಸಿ, ಆಮೇಲೆ ದುಡ್ಡು ಕೊಡಿ.