ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ

ಹಳೆಯ ಕಾರು ಕೊಳ್ಳಲು ಹೊರಟಿರುವವರು ದಯವಿಟ್ಟು ಇದನ್ನು ಓದಿ, ಆಮೇಲೆ ಮುಂಗಡ ಕೊಡಿ.

2023ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಡೀಲರ್ ಒಬ್ಬರಿಂದ 2019ರ ಮಾದರಿಯ ಕಾರನ್ನು 6 ಲಕ್ಷ 10 ಸಾವಿರಕ್ಕೆ ಕೊಂಡೆ. ಒಬ್ಬರೇ ಮಾಲೀಕರು, 38 ಸಾವಿರ ಕಿಲೋಮೀಟರ್, ಫಳಫಳ ಬಣ್ಣ. ಒಳಗೆ ಸುಗಂಧದ ಡಬ್ಬಿಗಳು ಒಂದಲ್ಲ, ಮೂರು. ಮೂಗು ಎಚ್ಚರಿಸಿತ್ತು, ನಾನು ಕೇಳಲಿಲ್ಲ. ಆರ್‌ಸಿ ಸರಿಯಾಗಿತ್ತು. ವಿಮೆಯಲ್ಲಿ ಮಾತ್ರ ಒಂದು ಕಂದಕ: ಹಳೆಯ ಪಾಲಿಸಿ 2022ರ ಸೆಪ್ಟೆಂಬರ್‌ಗೆ ನಿಂತಿತ್ತು, ಹೊಸದು ಜನವರಿಯಲ್ಲಿ ಶುರುವಾಗಿತ್ತು, ನೋ ಕ್ಲೇಮ್ ಬೋನಸ್ (ವಿಮೆಯ ಹಣ ಕೇಳದ ವರ್ಷಗಳಿಗೆ ಸಿಗುವ ರಿಯಾಯಿತಿ) ಸೊನ್ನೆ. ಕೇಳಿದರೆ, “ಮಾಲೀಕರು ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿದ್ದರು ಸರ್, ನವೀಕರಿಸಲು ಮರೆತರು” ಎಂದರು. ಬಾಣಂತನ ಎಂದ ಮೇಲೆ ಯಾರು ಅನುಮಾನಿಸುತ್ತಾರೆ?

ಜೂನ್‌ನ ಮೊದಲ ಮಳೆಗೆ ವೈಪರ್ ತಾನಾಗಿಯೇ ಆಡತೊಡಗಿತು. ಆಮೇಲೆ ಕಿಟಕಿ ಗಾಜು ಕೈಕೊಟ್ಟಿತು. ಒಂದು ರಾತ್ರಿ ಮದ್ದೂರಿನ ಹತ್ತಿರ ಎಂಜಿನ್ ನಿಂತು, ದೀಪಗಳೂ ಆರಿ, ಮಕ್ಕಳನ್ನು ಕಟ್ಟಿಕೊಂಡು ಎರಡು ಗಂಟೆ ರಸ್ತೆ ಬದಿಯಲ್ಲಿ ಕುಳಿತೆವು.

ಮೈಸೂರಿನ ನಮ್ಮ ಮೆಕ್ಯಾನಿಕ್ ಬಾನೆಟ್ ತೆರೆಯಲೇ ಇಲ್ಲ. ಚಾಲಕನ ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದರು. ಒಳಗಿದ್ದ ಅರ್ಧದಲ್ಲಿ ಕೆಂಪು ಮಣ್ಣಿನ ಗೆರೆ. ಸೀಟಿನ ಹಳಿಗೆ ತುಕ್ಕು, ಸ್ಟೆಪ್ನಿ ಗುಂಡಿಯಲ್ಲಿ ಒಣಗಿದ ಕೆಸರು. “ಮುಳುಗಿದ ಗಾಡಿ ಸರ್ ಇದು” ಎಂದರು. ಚಾಸಿ ಸಂಖ್ಯೆ ಹಿಡಿದು ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ವಿಚಾರಿಸಿದೆ. ಕೊನೆಯ ದಾಖಲೆ 2022ರ ಸೆಪ್ಟೆಂಬರ್: ಬೆಳ್ಳಂದೂರಿನಿಂದ ಎಳೆದು ತಂದದ್ದು, ಟೋಟಲ್ ಲಾಸ್. ಮಳೆಗೆ ಬೆಂಗಳೂರಿನ ಯಮಲೂರು, ಬೆಳ್ಳಂದೂರುಗಳ ನೆಲಮಾಳಿಗೆಗಳಲ್ಲಿ ಕಾರುಗಳು ಮುಳುಗಿದ ಆ ವಾರವನ್ನು ಟಿವಿಯಲ್ಲಿ ನೋಡಿ ‘ಅಯ್ಯೋ ಪಾಪ’ ಎಂದವನು ನಾನೇ.

ದುರಸ್ತಿ ವೆಚ್ಚ ವಿಮೆಯ ಘೋಷಿತ ಮೌಲ್ಯದ (ಪಾಲಿಸಿಯಲ್ಲಿ ಗಾಡಿಗೆ ಕಟ್ಟಿದ ಬೆಲೆಯ) ಶೇ 75ನ್ನು ಮೀರಿದರೆ ಅದೇ ಟೋಟಲ್ ಲಾಸ್; ವಿಮಾ ಕಂಪನಿ ಮಾಲೀಕರಿಗೆ ಹಣ ಕೊಟ್ಟು ಲೆಕ್ಕ ಮುಗಿಸುತ್ತದೆ. ಗಾಡಿ ಹರಾಜಿಗೆ ಹೋಗುತ್ತದೆ. ಬಳಕೆಗೆ ಬಾರದಂತೆ ಹಾಳಾದ ವಾಹನದ ವಿಷಯವನ್ನು ಮಾಲೀಕರು 14 ದಿನಗಳೊಳಗೆ ಆರ್‌ಟಿಒಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಹೇಳುತ್ತದೆ. ಯಾರೂ ತಿಳಿಸದಿದ್ದರೆ ಸತ್ತ ಗಾಡಿಯ ಆರ್‌ಸಿ ಬದುಕಿಯೇ ಇರುತ್ತದೆ. ನನಗೆ ಸಿಕ್ಕ ‘ಸರಿಯಾದ ಆರ್‌ಸಿ’ ಅದೇ.

ಅಪಘಾತದ ಗಾಡಿಗಳದ್ದು ಇನ್ನೂ ಭಯಂಕರ. ಕೀಲಿ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹೊತ್ತಿ, ಕೆಲವು ಸೆಕೆಂಡಿನಲ್ಲಿ ಆರಬೇಕು. ಹೊತ್ತಲೇ ಇಲ್ಲವೆಂದರೆ ಸಮಾಧಾನಪಡಬೇಡಿ. ಒಳಗೆ ಏರ್‌ಬ್ಯಾಗ್ ಇಲ್ಲದಿರುವುದನ್ನು ಮುಚ್ಚಿಡಲು ದೀಪವನ್ನೇ ಕಿತ್ತಿರಬಹುದು.

ಡೀಲರ್ ಈಗ, ‘ಇದ್ದ ಸ್ಥಿತಿಯಲ್ಲಿ ಒಪ್ಪಿದ್ದೇನೆ’ ಎಂಬ ಸಾಲಿನ ಕೆಳಗಿನ ನನ್ನ ಸಹಿಯನ್ನು ತೋರಿಸುತ್ತಾರೆ. ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿದ್ದೇನೆ. ಕಾರು ಮನೆಯ ಮುಂದೆ ನಿಂತಿದೆ. ಕಳೆದ ವಾರ ಒಬ್ಬ ದಲ್ಲಾಳಿ ಬಂದು ಸುತ್ತ ನೋಡಿ, “ಮುಳುಗಿದ್ದು ಅಂತ ಬಾಯಿ ಬಿಡಬೇಡಿ ಸರ್, ನಾಲ್ಕೂವರೆ ಲಕ್ಷಕ್ಕೆ ನಾನು ದಾಟಿಸುತ್ತೇನೆ” ಎಂದ.